ಹಿಂದಿನ ಗಾಲಿ

ವಿರೂಪಾಕ್ಷಪ್ಪನವರ ಮನೆಗೆ ಕಾರು ಬಂದ ದಿನದಿಂದ ಒಂದು ಸಂಗತಿ ಅವರಿಗೆ ನುಂಗಲಾರದ ತುತ್ತಾಗಿತ್ತು. ಅದನ್ನು ಓಡಿಸಲು ಬರುತ್ತಿದ್ದುದು ಸೊಸೆಗೆ ಮಾತ್ರ. ಬ್ಯಾಡಗಿಯ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ಮಗ ವಿಜಯಮಹಾಂತೇಶ ಕಲಿಯಲು ಹೋಗಿ, ಕೋಲ್ಡ್ ಸ್ಟೋರೇಜಿನ ಕಾಂಪೌಂಡಿಗೆ ಗುದ್ದಿ, ಬೈಕೇ ಲೇಸೆಂದು ಸುಮ್ಮನಾಗಿದ್ದ. ಸೊಸೆ ಸುಧಾರಾಣಿ ಹಾವೇರಿಯ ತವರಿನಲ್ಲಿದ್ದಾಗಲೇ ಕಲಿತವಳು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಬೀಜದ ಮೊಳಕೆ ಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಮಗಳು ಸ್ನೇಹಾಳ ಡಬ್ಬಿ ಕಟ್ಟಿ, ಮಾವನವರ ಎರಡನೆಯ ಚಹಾ ಮುಗಿಸಿ ಅವಳು ಕಾರು ಹೊರಗೆ ತೆಗೆದಳೆಂದರೆ ಕಟ್ಟೆಯ ಮೇಲೆ ಕೂತ ವಿರೂಪಾಕ್ಷಪ್ಪನವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಸೊಸೆ ಗಾಡಿ ಹೊಡೆಯುವುದನ್ನು ತಾವು ನೋಡಬಾರದೆಂದಲ್ಲ, ತಾವು ನೋಡುತ್ತಿರುವುದನ್ನು ಓಣಿಯವರು ನೋಡಬಾರದೆಂದು.

ಹಾಗೆಂದು ಕಾರು ಹತ್ತುವುದನ್ನೇನೂ ಬಿಟ್ಟಿರಲಿಲ್ಲ. ಮದುವೆ, ಸೀಮಂತ, ಹಲಗೇರಿಯ ಹೊಲ, ಎಲ್ಲಕ್ಕೂ ಕಾರೇ ಬೇಕು. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಹಂಪ್ ಬಂದರೆ ಸಾವಕಾಶ, ಲಾರಿ ಬಂದರೆ ಬಾಜೂಕ್ಕ ತಗೋ ಎಂದು ಅಪ್ಪಣೆ ಕೊಡುತ್ತ ಬರುವರು. ನಡುವಯಸ್ಸಿನವರೆಗೂ ಚಕ್ಕಡಿ ಹೊಡೆದ ಮನುಷ್ಯ. ಚಕ್ಕಡಿಯಲ್ಲಿ ಇಲ್ಲದ್ದು ಕಾರಿನಲ್ಲಿ ಏನಿದೆ, ಎತ್ತಿನ ಬದಲಿಗೆ ಪೆಟ್ರೋಲು ಅಷ್ಟೇ, ಎಂಬುದು ಅವರ ಗಟ್ಟಿ ನಂಬಿಕೆ. ಪಕ್ಕದಲ್ಲಿ ಕೂತ ಹೆಂಡತಿ ಗದಿಗೆವ್ವ ಹೂಂ ಅನ್ನುತ್ತಿದ್ದಳು. ಮೇಡ್ಲೇರಿಯಿಂದ ಮದುವೆಯಾಗಿ ಬಂದಾಗಿನಿಂದ ಗಂಡನ ಮಾತಿಗೆ ಹೂಂ ಅನ್ನುವುದು, ಉಳಿದವರ ಮಾತಿಗೆ ಖಾರ ಅರೆಯುವುದು, ಈ ಎರಡನ್ನೂ ಆಕೆ ಒಂದು ದಿನ ತಪ್ಪಿಸಿದವಳಲ್ಲ.

ಡಿಸೆಂಬರಿನಲ್ಲಿ ಕಾರಿನ ಹಿಂದಿನ ಗಾಲಿ ಕಿರಗುಟ್ಟಲು ಶುರುವಾಯಿತು. ಬ್ರೇಕ್ ತುಳಿದಾಗೊಮ್ಮೆ ಕಿರ್ ಎಂದು ಓಣಿ ತುಂಬ ಕೇಳುವಂಥ ದನಿ. ಗ್ಯಾರೇಜಿಗೆ ಬಿಡೋಣವೆಂದು ಸುಧಾರಾಣಿ ಗಂಡನಿಗೆ ಹೇಳಿದಳು. ಸೀಜನ್ ಮುಗಿಯಲಿ ಎಂದು ಅವನು ಅಂದ. ಮಾವನವರು ನಕ್ಕರು. ಗಾಲಿ ಒದರುತ್ತಿದೆ ಅಂದರೆ ಒಣಗಿದೆ ಎಂದು ಅರ್ಥ, ಇದಕ್ಕೆ ಗ್ಯಾರೇಜು ಬೇರೆ ಬೇಕೇ ಎಂದು ಕೇಳಿದರು.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮುಂಚೆ ಗಾಡಿ ತೊಳೆದು ಪೂಜೆ ಮಾಡುವುದು ಆ ಮನೆಯ ಪದ್ಧತಿ. ಹಿಂದೆ ಚಕ್ಕಡಿಗೆ ಮಾಡುತ್ತಿದ್ದುದು, ಈಗ ಕಾರಿಗೆ. ಸುಧಾರಾಣಿ ನಸುಕಿನಿಂದ ಒಲೆಯ ಮುಂದೆ ನಿಂತು ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಎಂದು ಬೆವರು ಸುರಿಸುತ್ತಿರುವಾಗ ಹೊರಗೆ ಮಾವನವರು ಕಾರು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಕಟ್ಟಿ, ಗಾಲಿಗೊಂದೊಂದು ನಿಂಬೆಹಣ್ಣು ಇಟ್ಟಿದ್ದರು. ಹಲಗೇರಿ ಮುಟ್ಟುವ ತನಕ ಗಾಲಿ ಒಮ್ಮೆಯೂ ಕಿರಗುಟ್ಟಲಿಲ್ಲ.

"ಕೇಳಿದಿ? ಬಾಯಿ ಮುಚ್ಚೇತಿ. ಅಮಾಸಿ ಪೂಜಿ ಅಂದ್ರ ಏನು ಅಂತ ತಿಳಕೊಂಡಿ," ಅಂದರು ಹಿಂದಿನ ಸೀಟಿನಿಂದ.

ಗದಿಗೆವ್ವ ಸೆರಗಿನೊಳಗೇ ನಕ್ಕಳು. ಸುಧಾರಾಣಿಗೂ ಗ್ಯಾರೇಜಿನ ಓಡಾಟ ತಪ್ಪಿತಲ್ಲ ಎಂದು ಸಮಾಧಾನವಾಯಿತು. ಆ ನಂತರ ಕಾರು ನಿಲ್ಲುವುದು ಯಾಕೋ ಒಂದು ಗೇಣು ತಡವಾಗುತ್ತಿದೆ ಎಂದು ಅವಳಿಗೆ ಒಂದೆರಡು ಸಲ ಅನ್ನಿಸಿದ್ದುಂಟು. ಅನ್ನಿಸಿ ಮರೆತೂ ಹೋಯಿತು.

ಫೆಬ್ರುವರಿಯ ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಕಾರಿನ ಶೆಡ್ಡಿನ ತುಂಬ ಮೆಣಸಿನಕಾಯಿ ಹರವಿತ್ತು. ಬಂದ ಮಾಲು ಹಸಿಯಾಗಿದೆಯೆಂದು ವಿಜಯಮಹಾಂತೇಶ ಒಂದಿಷ್ಟು ಚೀಲ ಮನೆಗೆ ಕಳಿಸಿದ್ದ. ಅವಳು ಗೇಟಿನ ಮುಂದಿನ ಸಿಮೆಂಟಿನ ಇಳಿಜಾರಿನ ಮೇಲೆ ಕಾರು ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಒಳಗೆ ಹೋದಳು. ಗಾಡಿಗೆ ದಾರಿ ಬಿಡಲು ಎದ್ದಿದ್ದ ಗದಿಗೆವ್ವ ಮತ್ತು ಪಕ್ಕದ ಮನೆಯ ಮಂಗಳವ್ವ ಮೊರ ಹಿಡಿದು ಮತ್ತೆ ಇಳಿಜಾರಿನ ಬುಡದಲ್ಲೇ ಬೇವಿನ ನೆರಳಿಗೆ ಕೂತು, ಮನೆಖಾರಕ್ಕೆಂದು ಕಾಯಿಯ ತೊಟ್ಟು ಬಿಡಿಸತೊಡಗಿದರು. ಸುಧಾರಾಣಿ ಮುಖ ತೊಳೆದು ಚಹಾಕ್ಕೆ ಇಟ್ಟಿದ್ದಳು. ಹಾಲು ಉಕ್ಕುವುದಕ್ಕೂ ಹೊರಗೆ ಮಂಗಳವ್ವ ಚೀರುವುದಕ್ಕೂ ಸರಿಹೋಯಿತು.

ಕಾರು ತಾನಾಗಿ ಹಿಂದಕ್ಕೆ ಜಾರಿ, ಬೆನ್ನು ಮಾಡಿ ಕೂತಿದ್ದ ಗದಿಗೆವ್ವನನ್ನು ಕೆಡವಿ, ಎಡದೊಡೆಯ ಮೇಲೆ ಗಾಲಿ ಹತ್ತಿ ನಿಂತಿತ್ತು. ಓಣಿಯ ಜನ ಓಡಿಬಂದು, ಒಬ್ಬ ಒಳಗೆ ಕೈಹಾಕಿ ಏನೇನೋ ಎಳೆದು, ಎಲ್ಲರೂ ಸೇರಿ ಕಾರನ್ನು ಮುಂದಕ್ಕೆ ನೂಕಿದರು. ಆಮೇಲೆ ನೋಡಿದರೆ ಹ್ಯಾಂಡ್‌ಬ್ರೇಕ್ ಕೆಳಗೆ ಬಿದ್ದಿತ್ತು.

"ಬ್ರೇಕ್ ಹಾಕಲಾರದ ಇಳದೀಯೇನವ್ವಾ?" ಎಂದು ವಿರೂಪಾಕ್ಷಪ್ಪನವರು ಅಷ್ಟೂ ಜನರ ಮುಂದೆ ಕೇಳಿದರು. ಹೆಂಡತಿಯನ್ನು ಇನ್ನೂ ಯಾರೂ ಎತ್ತಿರಲಿಲ್ಲ.

"ಹಾಕಿದ್ದೆರಿ ಮಾವಾರ. ಕೈಯಾರೆ ಎಳದೇನಿ."

"ಹಾಕಿದ್ರ ಗಾಡಿ ತಾನ ನಡಕೋತ ಬಂತು ಹಂಗಾರ."

ಇಳಿಜಾರಿನಲ್ಲಿ ನಿಲ್ಲಿಸಿದರೆ ಗೇರಿನಲ್ಲಿ ಬಿಟ್ಟು ಇಳಿಯಬೇಕೆಂದು ಹಾವೇರಿಯಲ್ಲಿ ಹೇಳಿಕೊಟ್ಟಿದ್ದರು. ಅವಸರದಲ್ಲಿ ಅದೊಂದು ಅವಳಿಗೆ ಬಿಟ್ಟುಹೋಗಿತ್ತು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಆದರೆ ಹ್ಯಾಂಡ್‌ಬ್ರೇಕ್ ಎಳೆದದ್ದು ಮಾತ್ರ ಖರೆ. ಎಳೆದ ಸದ್ದು ಕಿವಿಯಲ್ಲೇ ಇತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಗದಿಗೆವ್ವನ ತೊಡೆಗೆ ರಾಡು ಹಾಕಿದರು. ನಾವು ಹೇಳುವ ತನಕ ಕಾಲು ನೆಲಕ್ಕೆ ಊರಬಾರದು ಎಂದು ಕಳಿಸಿದರು. ಶೆಡ್ಡಿಗೆ ನೂಕಿದ ಕಾರಿನ ಮೇಲೆ ತಾಡಪತ್ರಿ ಬಿತ್ತು. ಅದರ ಬೀಗದ ಕೈ ವಿರೂಪಾಕ್ಷಪ್ಪನವರ ದಿಂಬಿನ ಕೆಳಗೆ ಸೇರಿತು. ಸುಧಾರಾಣಿ ಕೆಲಸಕ್ಕೆ ರಜೆ ಹಾಕಿದಳು. ಬೇಕೇ ಬೇಡವೇ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಅವಳ ದಿನ ಶುರುವಾಗುವುದು ಅತ್ತೆಯ ಬೆಡ್‌ಪ್ಯಾನಿನಿಂದ, ಮುಗಿಯುವುದೂ ಅದರಿಂದಲೇ. ನಡುವೆ ಮೈ ಒರೆಸುವುದು, ಸೀರೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ತುತ್ತು ಮಾಡಿ ಕೊಡುವುದು. ಗದಿಗೆವ್ವ ಹಗುರ ಹೆಂಗಸಲ್ಲ. ಎತ್ತುವಾಗ ಸುಧಾರಾಣಿಯ ನಡು ಮುರಿದಂತಾಗುತ್ತಿತ್ತು. ಮಂಗಳವ್ವನನ್ನು ಹಗಲು ಹೊತ್ತಿಗೆ ಗೊತ್ತು ಮಾಡಿಕೊಳ್ಳೋಣ, ನಾನು ಕೆಲಸಕ್ಕೆ ಹೋಗುತ್ತೇನೆ, ಎಂದು ಅವಳು ಒಮ್ಮೆ ಊಟದ ಹೊತ್ತಿಗೆ ಎತ್ತಿದಳು. ಮನೆಯಲ್ಲಿ ಸೊಸೆ ಗಟ್ಟಿಯಾಗಿ ಇರುವಾಗ ಮಂದಿಯ ಕೈಯಲ್ಲಿ ಮೈ ತೊಳೆಸಿಕೊಂಡರೆ ಊರು ಏನಂದೀತು ಎಂದು ಮಾವನವರು ರೊಟ್ಟಿ ಮುರಿಯುತ್ತಲೇ ಮಾತು ಮುರಿದರು. ವಿಜಯಮಹಾಂತೇಶ ಇನ್ನೊಂದು ಸ್ವಲ್ಪ ಸಾರು ಹಾಕು ಅಂದ.

ನೋಡಲು ಬರುವವರ ಸಾಲಿಗಂತೂ ಕೊನೆಯಿರಲಿಲ್ಲ. ಬಂದವರಿಗೆಲ್ಲ ಗದಿಗೆವ್ವ ಒಂದೇ ಮಾತು ಹೇಳುವಳು, ಒಂದೇ ರಾಗದಲ್ಲಿ: "ನನ್ನ ಹಣೀಬಾರ. ಸೊಸಿ ಬ್ರೇಕ್ ಹಾಕೂದು ಮರತಳು." ಬಂದವರು ಲೊಚಗುಟ್ಟುವರು. ಲೊಚಗುಟ್ಟಿ ಬಾಯಿ ಒಣಗಿದವರಿಗೆ ಸುಧಾರಾಣಿಯೇ ಚಹಾ ತಂದು ಕೊಡಬೇಕು. ಕೆಲವರು ಕಪ್ಪು ತೆಗೆದುಕೊಳ್ಳುತ್ತ ಅವಳ ಮುಖವನ್ನೇ ನೋಡುವರು, ಕೊಲೆ ಮಾಡಿ ಜಾಮೀನಿನ ಮೇಲೆ ಬಂದವಳನ್ನು ನೋಡುವ ಹಾಗೆ.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಒಂಬತ್ತನೆಯ ತರಗತಿಯ ಮಗಳ ಮಾತು. ಒಂದು ದಿನ ಸ್ನೇಹಾ ಗೆಳತಿಯ ಜೊತೆ ಫೋನಿನಲ್ಲಿ, ನಮ್ಮ ಮಮ್ಮಿಗೆ ಯಾವಾಗಲೂ ಗಡಿಬಿಡಿ, ಮರೆತಿರಬೇಕು, ಒಪ್ಪಿಕೊಳ್ಳುವುದಿಲ್ಲ ನೋಡು, ಎಂದು ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಸುಧಾರಾಣಿ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಅತ್ತಳು. ಆ ದಿನ ರೊಟ್ಟಿ ಹೊತ್ತಿದವು ಎಂದು ಮಾವನವರು ತಟ್ಟೆ ಸರಿಸಿದರು.

ಯುಗಾದಿ ಹತ್ತಿರ ಬಂತು. ಹಬ್ಬ ಆದ ಮರುದಿನದಿಂದ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಕಂಪನಿಯಿಂದ ಫೋನ್ ಬಂತು. ಸುಧಾರಾಣಿ ಗಂಡನ ಮುಂದೆ ಹೇಳಿದಳು. ನಾನು ಬ್ರೇಕ್ ಎಳೆದಿದ್ದೆ, ಗಾಡಿಯಲ್ಲೇ ಏನೋ ಆಗಿದೆ, ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿ ಎಂದು ಕೇಳಿಕೊಂಡಳು. ವಿಜಯಮಹಾಂತೇಶ ಉತ್ತರಿಸುವ ಮೊದಲೇ ಪಡಸಾಲೆಯಿಂದ ಮಾವನವರ ದನಿ ಬಂತು.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ವಿಜಯಮಹಾಂತೇಶ ಮೆಲ್ಲಗೆ ನಕ್ಕ. ಆ ನಗು ಅವಳ ಎದೆಯಲ್ಲಿ ನಾಟಿತು.

ಹಬ್ಬಕ್ಕೆ ಮುಂಚಿನ ಭಾನುವಾರ ತಂದೆ ಮಗ ಇಬ್ಬರೂ ರಾಣೆಬೆನ್ನೂರಿಗೆ ನಂಟರ ಮನೆಯ ನಿಶ್ಚಯಕ್ಕೆ ಹೋದರು. ಅತ್ತೆಗೆ ಉಣಿಸಿ ಮಲಗಿಸಿ, ಸುಧಾರಾಣಿ ಮಾವನವರ ದಿಂಬಿನ ಕೆಳಗಿನ ಬೀಗದ ಕೈ ತೆಗೆದುಕೊಂಡು ಶೆಡ್ಡಿಗೆ ಹೋದಳು. ತಾಡಪತ್ರಿ ಎಳೆದಳು. ಸ್ನೇಹಾ ಹಿಂದೆಯೇ ಬಂದು ಏನು ಮಾಡುತ್ತಿದ್ದೀ ಎಂದಳು.

"ನಾ ಸುಳ್ಳ ಹೇಳೇನೋ ಇಲ್ಲೋ ನೋಡೂಣು ಬಾ. ನಿನ್ನ ಫೋನಿನ್ಯಾಗ ಹಿಂದಿನ ಬ್ರೇಕ್ ಬಿಚ್ಚೂ ವಿಡಿಯೋ ಹಚ್ಚು."

ಸ್ನೇಹಾ ಮುಖ ಸಣ್ಣದು ಮಾಡಿಕೊಂಡು ಹಚ್ಚಿದಳು. ವಿಡಿಯೋದವನು ಹೇಳಿದ ಮೊದಲ ಮಾತೇ ಸುಧಾರಾಣಿಯ ಕಿವಿ ನಿಮಿರಿಸಿತು. ಓಡುವ ಗಾಡಿಯನ್ನು ಹೆಚ್ಚಾಗಿ ತಡೆಯುವುದು ಮುಂದಿನ ಬ್ರೇಕು, ಹಾಗಾಗಿ ಹಿಂದಿನದು ಕೆಟ್ಟರೂ ಬೇಗ ತಿಳಿಯುವುದಿಲ್ಲ. ಆದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಅವಳು ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನಟ್ಟು ಸಡಿಲಿಸಿ, ಜಾಕ್ ಇಟ್ಟು ಹಿಂದಿನ ಎಡಗಾಲಿಯನ್ನು ನೆಲದಿಂದ ಎತ್ತಿದಳು. ಹ್ಯಾಂಡ್‌ಬ್ರೇಕನ್ನು ಕೈ ನೋಯುವಷ್ಟು ಎಳೆದು ಬಂದು, ಗಾಲಿಯನ್ನು ತಿರುವಲು ಮಗಳಿಗೆ ಹೇಳಿದಳು. ಅಲುಗಾಡಬಾರದಿದ್ದ ಗಾಲಿ ಸ್ನೇಹಾಳ ಕೈಗೆ ಬೀಸುಕಲ್ಲಿನ ಹಾಗೆ ತಿರುಗಿತು.

"ಬ್ರೇಕ್ ಎಳದಿಲ್ಲ ನೀನು," ಅಂದಳು ಸ್ನೇಹಾ.

"ಹೋಗಿ ನೋಡಿ ಬಾ."

ಹೋಗಿ ನೋಡಿ ಬಂದ ಹುಡುಗಿ ಮತ್ತೆ ಗಾಲಿ ತಿರುವಿದಳು. ಮತ್ತೆ ತಿರುಗಿತು.

ಮುಂದಿನದಕ್ಕೆ ಹೊತ್ತು ಹಿಡಿಯಿತು. ಗಾಲಿ ಕಳಚಿ, ಹ್ಯಾಂಡ್‌ಬ್ರೇಕ್ ಸಡಿಲಿಸಿ, ಒಳಗಿನ ಕಬ್ಬಿಣದ ಡ್ರಮ್ಮಿಗೆ ಕಟ್ಟಿಗೆಯ ತುಂಡು ಇಟ್ಟು ಸುತ್ತಲೂ ಸುತ್ತಿಗೆಯಿಂದ ಬಡಿದರು. ಡ್ರಮ್ ಬಿಟ್ಟುಕೊಂಡಿತು. ಒಳಗೆ ಒಣಗಿ ಬೂದಿಯಂತಿರಬೇಕಿದ್ದ ಪುಡಿ ಕರಿ ಕಾಡಿಗೆಯ ಹಾಗೆ ಕಲೆಸಿಕೊಂಡು ಮಿರುಗುತ್ತಿತ್ತು. ಗಾಲಿಯನ್ನು ಕಚ್ಚಿ ಹಿಡಿಯಬೇಕಾದ ಎರಡೂ ಪಟ್ಟಿಗಳು ಎಣ್ಣೆ ಕುಡಿದು ನುಣ್ಣಗಾಗಿದ್ದವು. ಬ್ರೇಕಿನದೇ ಎಣ್ಣೆ ಸೋರಿದರೆ ಹೀಗಾಗುತ್ತದೆ, ಆಗ ಮುಂದಿನ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ ಎಂದು ವಿಡಿಯೋದವನು ಹೇಳಿದ. ಬಾನೆಟ್ ಎತ್ತಿ ನೋಡಿದರೆ ಡಬ್ಬಿ ಗೆರೆಯವರೆಗೂ ತುಂಬಿತ್ತು. ಸುಧಾರಾಣಿ ಆ ಕರಿ ಕೆಸರನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಮೂಸಿ ಮಗಳ ಮೂಗಿಗೆ ಹಿಡಿದಳು.

"ಅಜ್ಜಿ ಎಣ್ಣಿ," ಅಂದಳು ಸ್ನೇಹಾ.

ಔಡಲೆಣ್ಣೆ. ಗದಿಗೆವ್ವ ಮೊಣಕಾಲಿಗೆ ತಿಕ್ಕಿಕೊಳ್ಳುವ, ಸ್ನೇಹಾ ಕೂಸಾಗಿದ್ದಾಗ ನೆತ್ತಿಗೆ ಒತ್ತುತ್ತಿದ್ದ ಎಣ್ಣೆ. ಹಿಂದೆ ಚಕ್ಕಡಿಯ ಅಚ್ಚಿಗೂ ಇದನ್ನೇ ಹಾಕುತ್ತಿದ್ದೆವು ಎಂದು ಮಾವನವರು ನೂರು ಸಲ ಹೇಳಿದ್ದರು. ಗಾಲಿಯ ಒಳಮಗ್ಗುಲಿನ ತಗಡಿಗೆ ಬೆರಳು ಹೋಗುವಷ್ಟು ಒಂದು ಕಿಂಡಿ ಇತ್ತು. ಅದರ ರಬ್ಬರ್ ಬಿರಡೆ ಕಿತ್ತು ಮತ್ತೆ ಸಿಕ್ಕಿಸಿದ ಗುರುತಿತ್ತು, ಸುತ್ತ ಎಣ್ಣೆ ಇಳಿದ ಗೆರೆಯಿತ್ತು. ಬಲಗಾಲಿಯ ಕಿಂಡಿಗೂ ಅದೇ ಗೆರೆ. ಅಮಾವಾಸ್ಯೆಯ ದಿನ ಗಾಲಿಯ ಬಾಯಿ ಮುಚ್ಚಿಸಿದ್ದು ಯಾವ ದೇವರೆಂದು ಸುಧಾರಾಣಿಗೆ ಈಗ ತಿಳಿಯಿತು. ನೆಲದ ಮೇಲೆ ಕೂತುಬಿಟ್ಟಳು. ಸಂತೋಷವಾಯಿತೆಂದೇ ಹೇಳಬೇಕು. ಇಷ್ಟು ದಿನ ತನಗೇ ತನ್ನ ಮೇಲೆ ಸಂಶಯ ಬರತೊಡಗಿತ್ತು. ಸ್ನೇಹಾ ಹತ್ತಿರ ಬಂದು ಅವಳ ಮೈಗೆ ಒರಗಿ ಕೂತಳು, ಕ್ಷಮಿಸು ಅನ್ನಲಿಲ್ಲ, ಆ ವಯಸ್ಸಿನವರು ಅನ್ನುವುದಿಲ್ಲ.

ಸಂಜೆ ಗಂಡಸರಿಬ್ಬರೂ ಊಟಕ್ಕೆ ಕೂತಾಗ ಸುಧಾರಾಣಿ ಬ್ರೇಕಿನ ಪಟ್ಟಿಯೊಂದನ್ನು ಪೇಪರಿನ ಮೇಲಿಟ್ಟು ತಂದು ಮಾವನವರ ತಟ್ಟೆಯ ಪಕ್ಕ ಇಟ್ಟಳು. ಉಣ್ಣುವ ಜಾಗದಲ್ಲಿ ಇದೇನು ಎಂದು ಗಂಡ ಸಿಡುಕಿದ.

"ಮೂಸಿ ನೋಡ್ರಿ ಮಾವಾರ. ಯಾವ ಎಣ್ಣಿ ಅಂತ ಹೇಳ್ರಿ."

ವಿರೂಪಾಕ್ಷಪ್ಪನವರು ಮೂಸಲಿಲ್ಲ. ತುತ್ತು ನುಂಗಿದರು, ನೀರು ಕುಡಿದರು.

"ಗಾಲಿಗೆ ಎಣ್ಣಿ ಹಾಕೂದು ಯಾವಾಗಿಂದ ತಪ್ಪಾತು? ಒದರಾಕತ್ತಿತ್ತು, ಹಾಕಿದೆ. ಕೀಲೆಣ್ಣಿ ಇಲ್ಲದ ಗಾಲಿಯನ್ನ ಅಮಾಸಿ ದಿನ ಹೊಲಕ್ಕ ಒಯ್ಯೂದಿಲ್ಲ ನಮ್ಮಲ್ಲಿ."

"ಆ ಎಣ್ಣಿಗೇ ಬ್ರೇಕ್ ಹಿಡೀಲಿಲ್ಲ. ನಾ ಎಳದ ಬ್ರೇಕು ನಿಮ್ಮ ಎಣ್ಣಿ ಮ್ಯಾಲೆ ಜಾರೇತಿ. ಇಷ್ಟ ದಿನಾ ನಾ ಮರತೆ ಅಂತ ಊರಿಗೆಲ್ಲಾ ಹೇಳಿಸಿದ್ರಿ."

"ಇಳಿಜಾರ್ನ್ಯಾಗ ಗಾಡಿ ನಿಂದ್ರಸಿದಾಕಿ ಯಾರು? ನಾನೇನು? ಚಕ್ಕಡಿ ಹೊಡೆಯೋ ದಡ್ಡಗೂ ಗೊತ್ತೈತಿ, ಇಳಿಜಾರ್ನ್ಯಾಗ ನಿಂದ್ರಸಿದ್ರ ಗಾಲಿಗೆ ಕಲ್ಲ ಇಡಬೇಕು ಅಂತ. ಇಟ್ಟಿಯೇನು?"

ಅವಳಿಗೆ ಆ ಗೇರಿನ ನೆನಪಾಯಿತು. ಪೇಪರಿನ ಮೇಲಿನ ಪಟ್ಟಿಯನ್ನೇ ನೋಡಿದಳು. ಅಷ್ಟು ಸಾಕಾಗಿತ್ತು ಮಾವನವರಿಗೆ, ಮತ್ತೊಂದು ರೊಟ್ಟಿಗೆ ಕೈಚಾಚಿದರು. ಅಜ್ಜಾ, ತಪ್ಪು ನಿಮ್ಮದೇ, ಎಂದು ಸ್ನೇಹಾ ಅಂದದ್ದೇ ತಡ ವಿಜಯಮಹಾಂತೇಶ ಎಂಜಲುಗೈಯಿಂದಲೇ ಅವಳ ಕೆನ್ನೆಗೆ ಬಿಟ್ಟ. ಆಗುವುದು ಆಗಿಹೋಗಿದೆ, ಅದನ್ನು ಬಿಚ್ಚಿ ಹುಡುಕುವ ಉಸಾಬರಿ ನಿನಗೆ ಯಾರು ಹೇಳಿದ್ದರು ಎಂದು ಹೆಂಡತಿಗೆ ಕೇಳಿದ. ಒಳಕೋಣೆಯಿಂದ ಗದಿಗೆವ್ವನ ದನಿ ಬಂತು.

"ಎಣ್ಣಿ ಡಬ್ಬಿ ಕೊಟ್ಟಾಕಿ ನಾನು. ಈಗ ನನ್ನ ಮ್ಯಾಲೆ ಹೇಳ್ರಿ ಎಲ್ಲಾರೂ. ಉಣ್ಣೂ ಹೊತ್ತಿನ್ಯಾಗ ಅವ್ರನ್ನ ಎಬ್ಬಸಬ್ಯಾಡ್ರಿ."

ಮರುದಿನ ಬೆಳಿಗ್ಗೆ ಅತ್ತೆಯ ಮೈ ಒರೆಸುವಾಗ ಸುಧಾರಾಣಿ ಕೇಳಿದಳು. "ನಿಮಗ ಮೊದಲಿಂದಾನ ಗೊತ್ತಿತ್ತು?"

"ಗಾಲಿ ತೊಡಿ ಮ್ಯಾಲೆ ಹತ್ತಿದಾಗ ಎಣ್ಣಿ ವಾಸನಿ ಬಂತು ಮೂಗಿಗೆ. ಆವಾಗ ಗೊತ್ತಾತು."

"ಗೊತ್ತಿದ್ದೂ ಬಂದವ್ರ ಮುಂದೆಲ್ಲಾ ನನ್ನ ಹೆಸರು ಹೇಳಿದ್ರಿ."

"ಮತ್ತ ಅವ್ರ ಹೆಸರು ಹೇಳ್ಲೇನು? ಹೇಣ್ತಿ ಕಾಲ ಮುರದಂವಾ ಅಂತ ಯಾರ್ಡಿನ್ಯಾಗ ಅಡ್ಡಾಡ್ಲೇನು ಅವ್ರು? ನೀ ಹೊರಗಿಂದ ಬಂದಾಕಿ. ನಿನ್ನ ಮ್ಯಾಲೆ ಬಂದ್ರ ನಾಕ ದಿನ ಆಡ್ಕೋತಾರ, ಬಿಡ್ತಾರ." ಗದಿಗೆವ್ವ ಗೋಡೆಯ ಕಡೆ ನೋಡುತ್ತ ಹೇಳಿದಳು. "ತಪ್ಪ ನಿಂದಲ್ಲ ಅಂದ್ರ ನೀ ಕೆಲಸಕ್ಕ ಹೊಕ್ಕಿದ್ದಿ. ಆಮ್ಯಾಲೆ ನನ್ನ ಎತ್ತಾವರು ಯಾರು?"

ಸುಧಾರಾಣಿ ಒರೆಸುವ ಬಟ್ಟೆಯನ್ನು ಹಿಂಡಿದಳು. ಇನ್ನೊಂದು ಮಗ್ಗುಲಿಗೆ ತಿರುಗಿಸುವಾಗ ಯಾವಾಗಿನ ಹಾಗೆ ಕೆಳಗೆ ಕೈಕೊಡಲಿಲ್ಲ. ಮುದುಕಿ ಹಲ್ಲು ಕಚ್ಚಿ ನೋವು ನುಂಗಿದಳು. ನೋಡಿ ಸುಧಾರಾಣಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಹಬ್ಬಕ್ಕೆ ಬೇವು ಬೆಲ್ಲ ಹಂಚಿ, ಹೋಳಿಗೆ ಬಡಿಸಿ, ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಯಾರೂ ಬೇಡ ಅನ್ನಲಿಲ್ಲ. ಅದೇ ಅವಳಿಗೆ ವಿಚಿತ್ರವಾಗಿ ಕಂಡಿತು. ಮಂಗಳವ್ವನಿಗೆ ಹೇಳಿಟ್ಟಳು. ಮರುದಿನ ಅತ್ತೆಯದೆಲ್ಲ ಮುಗಿಸಿ, ಮಜ್ಜಿಗೆ, ನೀರು, ಬೆಡ್‌ಪ್ಯಾನು ಎಲ್ಲ ಕೈಗೆ ಹತ್ತಿರ ಇಟ್ಟು ಬಸ್ಸು ಹಿಡಿದಳು. ರಾಣೆಬೆನ್ನೂರಿನಲ್ಲಿ ತನ್ನ ಮೇಜಿನ ಮುಂದೆ ಕೂತು, ಒದ್ದೆ ಕಾಗದದ ಸುರುಳಿ ಬಿಚ್ಚಿ, ಮೊಳೆತ ಟೊಮ್ಯಾಟೊ ಬೀಜಗಳನ್ನು ಚಿಮಟಿಗೆಯಿಂದ ಎತ್ತುವಾಗ ಅವಳಿಗೆ ಅಳು ಬರುವಷ್ಟು ಸುಖವಾಯಿತು. ಇಡೀ ದಿನ ಯಾರೂ ಅವಳನ್ನು ಅನುಮಾನದಿಂದ ನೋಡಲಿಲ್ಲ.

ಸಂಜೆ ಓಣಿಯ ತಿರುವಿನಲ್ಲೇ ಮಂಗಳವ್ವ ಸಿಕ್ಕಳು.

"ನಿಮ್ಮ ಮಾವಾರು ನನ್ನ ಗೇಟಿನ್ಯಾಗಿಂದಾನ ತಿರುಗಿ ಕಳಿಸಿದ್ರವ್ವಾ. ನಮ್ಮ ಮನಿದು ನಾವು ನೋಡ್ಕೋತೀವಿ ಅಂದ್ರು. ನಾ ಏನ ಮಾಡ್ಲಿ?"

ಸುಧಾರಾಣಿ ಓಡಿದಳು. ಕಟ್ಟೆಯ ಮೇಲೆ ವಿರೂಪಾಕ್ಷಪ್ಪನವರು ಓಣಿಯ ಇನ್ನಿಬ್ಬರು ಹಿರಿಯರ ಜೊತೆ ಕೂತಿದ್ದರು. ಒಳಕೋಣೆಯ ಬಾಗಿಲಲ್ಲೇ ನಾತ ಹೊಡೆಯಿತು. ಬೆಡ್‌ಪ್ಯಾನ್ ಬೆಳಿಗ್ಗೆ ಇಟ್ಟಲ್ಲೇ ಇತ್ತು. ಎತ್ತುವವರಿಲ್ಲದೆ ಅದು ಹತ್ತಿರ ಇದ್ದರೇನು, ದೂರ ಇದ್ದರೇನು. ಗದಿಗೆವ್ವ ಗೋಡೆಗೆ ಮುಖ ಮಾಡಿ ಹಸಿಯಲ್ಲಿ ಮಲಗಿದ್ದಳು. ಸ್ನೇಹಾ ಶಾಲೆಯಿಂದ ಬಂದು ಸೀರೆ ಬದಲಿಸಲು ಹೋದರೆ, ಹುಡುಗಿಯ ಕೈಯಲ್ಲಿ ಬೇಡ ಎಂದು ಮುಟ್ಟಗೊಟ್ಟಿರಲಿಲ್ಲ. ಹುಡುಗಿ ಅಡುಗೆಮನೆಯಲ್ಲಿ ಅಳುತ್ತ ಕೂತಿತ್ತು.

ನೀರು ಕಾಯಿಸಿ ತಂದು ಸುಧಾರಾಣಿ ತೊಳೆದಳು. ಕೆಳಬೆನ್ನಿನ ಚರ್ಮ ಕೆಂಪಾಗಿ ಸುಲಿಯಲು ಬಂದಿತ್ತು. ಬಿಸಿನೀರು ತಾಗಿದಾಗ ಮುದುಕಿಯ ಮೈ ನಡುಗಿತು. ಈ ಸಲ ಸುಧಾರಾಣಿ ಎರಡೂ ಕೈ ಕೊಟ್ಟು ತಿರುಗಿಸಿದಳು. ಅವಳ ಕಣ್ಣೀರು ತಡೆಯಲಾರದೆ ಸುರಿಯುತ್ತಿತ್ತು.

"ಹೊರಗ ಅವ್ರು ಇದ್ರಲ್ಲ. ಒಂದ ಸಲ ಕರೀಬೇಕಿಲ್ಲೇನ್ರಿ?"

"ಕರದೆ."

"ಏನಂದ್ರು?"

"ಸೊಸಿ ಬರ್ಲಿ ಅಂದ್ರು."

ಗದಿಗೆವ್ವ ಅಷ್ಟೇ ಹೇಳಿ ಕಣ್ಣು ಮುಚ್ಚಿದಳು. ಹೊರಗೆ ಬಂದರೆ ಅಂಗಡಿಯಿಂದ ಬಂದ ವಿಜಯಮಹಾಂತೇಶ ಬೈಕಿನ ಸ್ಟ್ಯಾಂಡ್ ಹಾಕುತ್ತಿದ್ದ. ಅವಳು ನಡೆದದ್ದೆಲ್ಲ ಹೇಳಿದಳು. ಅವನು ತಂದೆಯ ಮುಖ ನೋಡಿದ, ತಂದೆ ಮಗನ ಮುಖ ನೋಡಿದರು.

"ಈಗ ತಿಳೀತಲ್ಲ?" ಅಂದ ವಿಜಯಮಹಾಂತೇಶ. "ನಾಳಿಗೆ ಫೋನ್ ಮಾಡಿ ಬರೂದಿಲ್ಲಂತ ಹೇಳಿಬಿಡು."

ಅವಳಿಗೆ ತಿಳಿಯಿತು, ಅವನು ತಿಳಿಸಲು ಹೊರಟದ್ದಕ್ಕಿಂತ ಹೆಚ್ಚೇ ತಿಳಿಯಿತು. ಮುದುಕಿಯನ್ನು ಹಸಿಯಲ್ಲಿ ಬಿಟ್ಟದ್ದು ಮರೆವಲ್ಲ, ಗಂಡಸರ ಸಂಕೋಚವೂ ಅಲ್ಲ. ಸೊಸೆಗೆ ಪಾಠ ಕಲಿಸಲು ಅವರಿಗೆ ಒಂದು ಕೋಲು ಬೇಕಾಗಿತ್ತು, ಸಿಕ್ಕದ್ದು ಗದಿಗೆವ್ವನ ಮೈ. ಇವತ್ತು ಸೋತರೆ ಆಮೇಲೆ ಅತ್ತೆಯ ಕಾಲು ನೆಟ್ಟಗಾದರೂ ಇನ್ನೊಂದು ಕೋಲು ಸಿಗುತ್ತದೆ, ಇನ್ನೊಬ್ಬರ ಮೈ ಸಿಗುತ್ತದೆ. ಅವಳು ಒಳಗೆ ಹೋಗಿ ಅಕ್ಕಿ ತೊಳೆದಳು. ಆ ದಿನ ಊಟದಲ್ಲಿ ಯಾರೂ ಯಾವುದಕ್ಕೂ ಹೆಸರಿಡಲಿಲ್ಲ. ಗೆದ್ದೆವೆಂದು ಇಬ್ಬರೂ ಹೊಟ್ಟೆ ತುಂಬ ಉಂಡರು.

ಬೆಳಿಗ್ಗೆ ಅವಳು ಇನ್ನೂ ಬೇಗ ಎದ್ದಳು. ಅತ್ತೆಯ ಮೈ ತೊಳೆದು, ಬೆನ್ನಿಗೆ ಮುಲಾಮು ಹಚ್ಚಿ, ಕೆಳಗೆ ಹಳೆಯ ಸೀರೆಗಳನ್ನು ನಾಲ್ಕು ಪದರ ಮಾಡಿ ಹಾಸಿದಳು. ಮಂಗಳವ್ವನ ಬಾಗಿಲಿಗೆ ಹೋಗಿ ಕೇಳಿದರೆ, ಆ ಗೇಟಿನಲ್ಲಿ ಇನ್ನೊಮ್ಮೆ ಮರ್ಯಾದೆ ಕಳೆದುಕೊಳ್ಳಲಾರೆ ಎಂದಳು. ವಾಪಸು ಬಂದು ರೊಟ್ಟಿ ಬಡಿದಳು, ಡಬ್ಬಿ ಕಟ್ಟಿದಳು, ಸೀರೆ ಉಟ್ಟು ಕಂಪನಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡಳು. ಅತ್ತೆಗೆ ಚಹಾ ಒಯ್ದಳು.

ಗದಿಗೆವ್ವ ಕಪ್ಪು ಹಿಡಿದು ತುಟಿಯವರೆಗೂ ಒಯ್ದವಳು ಆ ಚೀಟಿಯನ್ನು ನೋಡಿದಳು.

"ಹೊಂಟಿ?"

"ಹೊಂಟೇನ್ರಿ."

ಮುದುಕಿ ಬಯ್ಯಲಿಲ್ಲ, ಬೇಡಿಕೊಳ್ಳಲಿಲ್ಲ. ತುಂಬಿದ ಕಪ್ಪನ್ನು ಹಾಗೇ ವಾಪಸು ಚಾಚಿದಳು.

"ಒಯ್ಯಿ. ಕುಡದ್ರ ಮತ್ತ ಒಂದಕ್ಕ ಬರ್ತೈತಿ."

ಸುಧಾರಾಣಿ ಕಪ್ಪು ಹಿಡಿದುಕೊಂಡು ನಿಂತಳು. ಹಾಸಿಗೆಯ ಪಕ್ಕದ ಮಜ್ಜಿಗೆ ಚೊಂಬನ್ನೂ ಗದಿಗೆವ್ವ ಬೆರಳ ತುದಿಯಿಂದ ದೂರ ಸರಿಸಿದಳು. ಸುಧಾರಾಣಿ ಅಡುಗೆಮನೆಗೆ ಹೋಗಿ ಚಹಾವನ್ನು ಬಚ್ಚಲಿಗೆ ಚೆಲ್ಲಿ, ಕಪ್ಪು ತೊಳೆದು ಬೋರಲು ಹಾಕಿ, ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟಳು.